ಹೂವನ್ನು ಬಿಡಿಸಿ ಓದುವ ಬಗೆ: ಮೊಗ್ಗಿನಿಂದ ಪುಷ್ಪಸೂತ್ರದವರೆಗೆ ಸಮಗ್ರ ಮಾರ್ಗದರ್ಶಿ

ಬಣ್ಣ ನೋಡಿ ಹೂವನ್ನು ಗುರುತಿಸಲು ಹೊರಟರೆ ಬೇಗ ದಾರಿ ತಪ್ಪುತ್ತದೆ. ಹೈಬಿಸ್ಕಸ್ ಮ್ಯೂಟಾಬಿಲಿಸ್ ಎಂಬ ದಾಸವಾಳದ ಜಾತಿಯಲ್ಲಿ ಬೆಳಿಗ್ಗೆ ಬಿಳಿಯಾಗಿ ಅರಳಿದ ಹೂ ಸಂಜೆಯ ಹೊತ್ತಿಗೆ ಕಡುಗುಲಾಬಿಯಾಗಿರುತ್ತದೆ. ಗಾತ್ರವನ್ನೂ ನಂಬುವಂತಿಲ್ಲ; ನೀರು, ಗೊಬ್ಬರ, ಬಿಸಿಲು ಇವುಗಳ ಮೇಲೆ ಅದು ಹೆಚ್ಚು ಕಡಿಮೆಯಾಗುತ್ತದೆ. ನಂಬಬಹುದಾದ ಸಂಗತಿಗಳು ಮೂರು: ಭಾಗಗಳು ಎಷ್ಟಿವೆ, ಅವು ಬಿಡಿಯಾಗಿವೆಯೋ ಕೂಡಿಕೊಂಡಿವೆಯೋ, ಯಾವುದು ಎಲ್ಲಿ ಹುಟ್ಟಿದೆ. ಎಣಿಕೆ, ಕೂಡಿಕೆ, ನೆಲೆ ಎಂದು ನೆನಪಿಟ್ಟುಕೊಳ್ಳಿ. ಮುಂದಿನ ಹಂತಗಳೆಲ್ಲ ಈ ಮೂರಕ್ಕೆ ಉತ್ತರ ಹುಡುಕುವ ಕೆಲಸವೇ.

ಭಾಗಗಳ ಪರಿಚಯ

ತೊಟ್ಟಿನ ತುದಿ ಸ್ವಲ್ಪ ಉಬ್ಬಿ ಪುಷ್ಪಪೀಠವಾಗುತ್ತದೆ. ಹೂವಿನ ಉಳಿದ ಭಾಗಗಳೆಲ್ಲ ಅದರ ಮೇಲೆ ಸುತ್ತುಸುತ್ತಾಗಿ ಕೂತಿರುತ್ತವೆ. ಎಲ್ಲಕ್ಕಿಂತ ಹೊರಗಿನ ಸುತ್ತು ಪುಷ್ಪಪತ್ರಗಳದ್ದು. ಸಾಮಾನ್ಯವಾಗಿ ಹಸಿರಾಗಿರುವ ಇವು ಮೊಗ್ಗನ್ನು ಕಾಯುತ್ತವೆ. ಎಲ್ಲ ಸೇರಿ ಪುಷ್ಪಪಾತ್ರೆ. ಅದರ ಒಳಗೆ ದಳಗಳು, ಎಲ್ಲ ಸೇರಿ ದಳಮಂಡಲ. ಮೂರನೆಯದು ಕೇಸರಗಳ ಸುತ್ತು. ಒಂದೊಂದು ಕೇಸರಕ್ಕೂ ತೆಳುವಾದ ಕೇಸರದಂಡ, ಅದರ ತುದಿಯಲ್ಲಿ ಪರಾಗ ತುಂಬಿದ ಪರಾಗಕೋಶ. ನಟ್ಟನಡುವೆ ಶಲಾಕೆ: ಮೇಲೆ ಪರಾಗವನ್ನು ಹಿಡಿಯುವ ಶಲಾಕಾಗ್ರ, ನಡುವೆ ಶಲಾಕಾನಾಳ, ಬುಡದಲ್ಲಿ ಅಂಡಾಶಯ, ಅದರೊಳಗೆ ಮುಂದೆ ಬೀಜವಾಗುವ ಅಂಡಕಗಳು. ಶಲಾಕೆ ಒಂದೇ ಘಟಕದಿಂದ ಆಗಿರಬಹುದು, ಹಲವು ಘಟಕಗಳು ಕೂಡಿಯೂ ಆಗಿರಬಹುದು. ಈ ಘಟಕಕ್ಕೆ ಕಾರ್ಪೆಲ್ ಎಂದು ಹೆಸರು. ಹೂವಿನ ಓದಿನಲ್ಲಿ ಕಷ್ಟದ ಕೆಲಸವೆಂದರೆ ಕಾರ್ಪೆಲ್‌ಗಳನ್ನು ಎಣಿಸುವುದು, ಆದ್ದರಿಂದ ಅದಕ್ಕೆ ಮುಂದೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಈರುಳ್ಳಿ, ಲಿಲ್ಲಿಗಳಂಥ ಏಕದಳ ಸಸ್ಯಗಳಲ್ಲಿ ಹೊರಗಿನ ಎರಡು ಸುತ್ತುಗಳೂ ಒಂದೇ ರೂಪದಲ್ಲಿರುವುದುಂಟು. ಆಗ ಇದು ಪುಷ್ಪಪತ್ರ, ಇದು ದಳ ಎಂದು ಬೇರೆ ಮಾಡಲು ಹೋಗಬೇಡಿ. ಎಲ್ಲವನ್ನೂ ಟೆಪಲ್ ಎಂದೇ ಬರೆಯಿರಿ.

ಹೂವಿನ ಭಾಗಗಳು ಎಲೆಯ ಮಾರ್ಪಾಡುಗಳು ಎಂಬ ವಿಚಾರವನ್ನು ಜರ್ಮನ್ ಕವಿ ಗಯಟೆ 1790ರಲ್ಲಿ ಮುಂದಿಟ್ಟ. ಅದಕ್ಕೆ ವಂಶವಾಹಿಗಳ ಮಟ್ಟದ ವಿವರಣೆ ಬಂದದ್ದು ಎರಡು ಶತಮಾನಗಳ ನಂತರ. 1991ರಲ್ಲಿ ವಿಜ್ಞಾನಿಗಳಾದ ಎನ್ರಿಕೊ ಕೋಯನ್ ಮತ್ತು ಎಲಿಯಟ್ ಮೆಯರೋವಿಟ್ಜ್ 'ಎಬಿಸಿ ಮಾದರಿ'ಯನ್ನು ಪ್ರಕಟಿಸಿದರು. ಎ ವರ್ಗದ ವಂಶವಾಹಿಗಳು ಮಾತ್ರ ಕೆಲಸ ಮಾಡಿದಲ್ಲಿ ಪುಷ್ಪಪತ್ರ, ಎ ಮತ್ತು ಬಿ ಸೇರಿದಲ್ಲಿ ದಳ, ಬಿ ಮತ್ತು ಸಿ ಸೇರಿದಲ್ಲಿ ಕೇಸರ, ಸಿ ಮಾತ್ರ ಇದ್ದಲ್ಲಿ ಕಾರ್ಪೆಲ್. ಸಿ ಕೆಲಸ ನಿಲ್ಲಿಸಿದರೆ ಕೇಸರದ ಜಾಗದಲ್ಲಿ ದಳ ಬರುತ್ತದೆ, ನಡುವೆ ಮತ್ತೊಂದು ಹೂ ಶುರುವಾಗುತ್ತದೆ. ದಳಗಳು ಹಲವು ಸುತ್ತಾಗಿ ತುಂಬಿರುವ, ಅಂದರೆ ಸುತ್ತುಸುತ್ತಿನ ತೋಟದ ಹೂಗಳ ಗುಟ್ಟು ಬಹುಮಟ್ಟಿಗೆ ಇದೇ. ಮುಂದಿನ ಹಂತದ ಮೊದಲ ಎಚ್ಚರಿಕೆಯೂ ಇದರಿಂದಲೇ ಹುಟ್ಟುತ್ತದೆ.

ಯಾವ ಹೂ, ಯಾವ ಸ್ಥಿತಿಯಲ್ಲಿ

ಒಂಟಿ ಸುತ್ತಿನ ಹೂವನ್ನೇ ಆರಿಸಿ. ಸುತ್ತುಸುತ್ತಿನ ದಾಸವಾಳ, ತೋಟದ ಗುಲಾಬಿ ಇವುಗಳಲ್ಲಿ ಕೇಸರಗಳು ಅರ್ಧಂಬರ್ಧ ದಳಗಳಾಗಿರುತ್ತವೆ. ಒಂದು ಹೂವಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ಕಲಿಯಲು ನಾವು ಸೂಚಿಸುವ ಕ್ರಮ ಹೀಗಿದೆ: ಮೊದಲು ಒಂಟಿ ಸುತ್ತಿನ ದಾಸವಾಳ, ಆಮೇಲೆ ಸಾಸಿವೆ, ನಂತರ ಬಟಾಣಿ, ಕೊನೆಗೆ ಸೂರ್ಯಕಾಂತಿ. ದಾಸವಾಳದ ಭಾಗಗಳು ದೊಡ್ಡವು, ಕೈ ಪಳಗಲು ಒಳ್ಳೆಯದು. ಆದರೆ ಕೇಸರದಂಡಗಳೆಲ್ಲ ಕೂಡಿ ಆದ ಅದರ ಕೇಸರನಾಳ ಸಾಮಾನ್ಯ ಹೂಗಳಲ್ಲಿ ಕಾಣದ ರಚನೆ. ಅದೊಂದನ್ನೇ ನೋಡಿ ನಿಲ್ಲಿಸಿದವರಿಗೆ ಹೂವೆಂದರೆ ಹೀಗೇ ಇರುತ್ತದೆಂಬ ತಪ್ಪು ಕಲ್ಪನೆ ಬರುತ್ತದೆ. ಸಾಸಿವೆಯ ಹೂ ಪುಟ್ಟದಾದರೂ ಅದರ ಲೆಕ್ಕ ಚೊಕ್ಕ.

ಒಂದು ಜಾತಿಗೆ ಕನಿಷ್ಠ 5 ಹೂಗಳನ್ನು, ಸಾಧ್ಯವಾದರೆ ಬೇರೆಬೇರೆ ಗಿಡಗಳಿಂದ ತೆಗೆದುಕೊಳ್ಳಿ. ಬರೀ ಅರಳಿದ ಹೂ ಸಾಲದು. ನಾಲ್ಕು ಸ್ಥಿತಿಗಳು ಬೇಕು: ಬಿಗಿಯಾದ ಮೊಗ್ಗು, ನಾಳೆ ಅರಳುವಂತಿರುವ ಮೊಗ್ಗು, ಆಗತಾನೇ ಅರಳಿದ ಹೂ, ದಳ ಉದುರಿ ಅಂಡಾಶಯ ಊದಲು ಶುರುವಾದ ಹೂ. ದಳಗಳ ಜೋಡಣೆ ಕಾಣುವುದು ಮೊದಲನೆಯದರಲ್ಲಿ. ಕೇಸರಗಳನ್ನು ಎಣಿಸಲು ಎರಡನೆಯದೇ ಸರಿ, ಏಕೆಂದರೆ ಪರಾಗಕೋಶಗಳು ಇನ್ನೂ ಬಿರಿಯದೆ ದುಂಡಗಿರುತ್ತವೆ. ಅರಳಿದ ಮೇಲೆ ಅವು ಮುದುಡಿ ಉದುರಬಹುದು. ಅಂಡಾಶಯದ ಕೋಣೆಗಳು ಸ್ಪಷ್ಟವಾಗಿ ಕಾಣುವುದು ನಾಲ್ಕನೆಯದರಲ್ಲಿ.

ಬೆಳಗಿನ ಹೊತ್ತು ಕೊಯ್ದು, ಒದ್ದೆ ಕಾಗದ ಹಾಸಿದ ಮುಚ್ಚಳದ ಡಬ್ಬಿಯಲ್ಲಿ ಇಡಿ. ಫ್ರಿಜ್ಜಿನಲ್ಲಿ 4 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಒಂದೆರಡು ದಿನ ಕೆಡದೆ ಇರುತ್ತದೆ. ಹೂವನ್ನು ನೀರಿನಲ್ಲಿ ಮುಳುಗಿಸಿ ಇಡಬೇಡಿ. ದಳಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿ, ಕೂಡಿದವೋ ಬಿಡಿಯೋ ಎಂಬುದೇ ತಿಳಿಯದಂತಾಗುತ್ತದೆ.

ಕೆಲವು ಗಿಡಗಳ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಉಮ್ಮತ್ತಿಯ ಎಲ್ಲ ಭಾಗಗಳೂ ವಿಷ. ಅದನ್ನು ಮುಟ್ಟಿದ ಕೈಯಿಂದ ಕಣ್ಣು ಉಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಗಂಭೀರ ಹಾನಿಯಾಗುತ್ತದೆ. ಕಣಗಿಲೆ, ಗೌರಿಹೂ ಕೂಡ ವಿಷಕಾರಿ. ಮಕ್ಕಳೊಂದಿಗೆ ಕೆಲಸ ಮಾಡುವಾಗ ಈ ನಾಲ್ಕನ್ನೂ ದೂರವಿಡಿ.

ಸಲಕರಣೆ

10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಚೂಪು ತುದಿಯ ಚಿಮಟ, ಹಿಡಿಗೆ ಸಿಕ್ಕಿಸಿದ ಎರಡು ಸೂಜಿ, ಹೊಸ ಬ್ಲೇಡು, ಒಂದು ಬಿಳಿ ಮತ್ತು ಒಂದು ಕಪ್ಪು ಕಾಗದ, ಡ್ರಾಪರ್, ಮಿಲಿಮೀಟರ್ ಗೆರೆಗಳ ಅಳತೆಪಟ್ಟಿ, ಗಾಜಿನ ಸ್ಲೈಡು, ಅಂಟುಪಟ್ಟಿ, ಎಚ್‌ಬಿ ಪೆನ್ಸಿಲ್. ಇಷ್ಟಿದ್ದರೆ ಮುಕ್ಕಾಲು ಪಾಲು ಹೂಗಳನ್ನು ಓದಬಹುದು. ಬ್ಲೇಡಿನ ಒಂದು ಅಂಚಿಗೆ ದಪ್ಪ ಅಂಟುಪಟ್ಟಿ ಸುತ್ತಿಕೊಂಡರೆ ಬೆರಳು ಕೊಯ್ಯುವುದಿಲ್ಲ. ಬ್ಲೇಡು ಹೊಸದೇ ಆಗಬೇಕು ಎಂಬುದರಲ್ಲಿ ರಾಜಿ ಬೇಡ. ಮೊಂಡು ಬ್ಲೇಡು ಅಂಡಾಶಯವನ್ನು ಕತ್ತರಿಸುವ ಬದಲು ಜಜ್ಜುತ್ತದೆ, ಕೋಣೆಗಳ ಗೋಡೆ ಕುಸಿಯುತ್ತದೆ, ಎಣಿಕೆ ತಪ್ಪಾಗುತ್ತದೆ.

ಕೈಮಸೂರವನ್ನು ಹೂವಿನ ಹತ್ತಿರ ಒಯ್ಯುವವರೇ ಹೆಚ್ಚು. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹೂವನ್ನು ಅದರ ಬಳಿಗೆ ತನ್ನಿ. 10 ಪಟ್ಟಿನ ಮಸೂರದಲ್ಲಿ ಸುಮಾರು 2.5 ಸೆಂಟಿಮೀಟರ್ ದೂರದಲ್ಲಿ ನೋಟ ಸ್ಪಷ್ಟವಾಗುತ್ತದೆ. ಬೆಳಕು ಹೂವಿನ ಮೇಲೆ ಪಕ್ಕದಿಂದ ಬೀಳಲಿ.

ಕೊಯ್ಯುವ ಮೊದಲು ಗಿಡದಲ್ಲೇ ನೋಡಬೇಕಾದದ್ದು

ಎಲೆ ಕಾಂಡಕ್ಕೆ ಸೇರುವ ಗೆಣ್ಣನ್ನು ನೋಡಿ. ಒಂದು ಗೆಣ್ಣಿಗೆ ಒಂದೇ ಎಲೆಯಿದ್ದರೆ ಪರ್ಯಾಯ ಜೋಡಣೆ, ಎದುರುಬದುರು ಎರಡಿದ್ದರೆ ಅಭಿಮುಖ, ಮೂರು ಅಥವಾ ಹೆಚ್ಚು ಇದ್ದರೆ ಸುತ್ತು ಜೋಡಣೆ. ಸಂಯುಕ್ತ ಎಲೆಯ ಕಿರುಎಲೆಯನ್ನು ಪೂರ್ತಿ ಎಲೆಯೆಂದು ಭಾವಿಸುವುದು ಸಾಮಾನ್ಯ ತಪ್ಪು. ಪರೀಕ್ಷೆ ಸುಲಭ: ಎಲೆಯ ಕಂಕುಳಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಬೇವು, ಬಟಾಣಿ ಎರಡರಲ್ಲೂ ಇದನ್ನು ನೋಡಬಹುದು. ಎಲೆಯ ತೊಟ್ಟಿನ ಬುಡದಲ್ಲಿ ಎರಡು ಪುಟ್ಟ ಉಪಪರ್ಣಗಳಿವೆಯೇ ಎಂಬುದನ್ನೂ ಬರೆದುಕೊಳ್ಳಿ. ದಾಸವಾಳದಲ್ಲಿ ಅವು ಬೇಗ ಉದುರುತ್ತವೆ, ಆದ್ದರಿಂದ ಚಿಗುರಿನ ತುದಿಯಲ್ಲಿ ಹುಡುಕಬೇಕು.

ಹೂಗೊಂಚಲಿನಲ್ಲಿ ಮೊದಲು ಅರಳಿದ್ದು ಯಾವುದು ಎಂದು ಗಮನಿಸಿ. ಸಾಸಿವೆಯಲ್ಲಿ ಕೆಳಗೆ ಕಾಯಿ, ನಡುವೆ ಹೂ, ತುದಿಯಲ್ಲಿ ಮೊಗ್ಗು ಇರುತ್ತದೆ; ತುದಿ ಬೆಳೆಯುತ್ತಲೇ ಹೋಗುತ್ತದೆ. ಮಲ್ಲಿಗೆಯಲ್ಲಿ ತುದಿಯ ಹೂವೇ ಮೊದಲು, ಪಕ್ಕದವು ಆಮೇಲೆ. ಅಲ್ಲಿ ದಿಂಡಿನ ಬೆಳವಣಿಗೆ ಹೂವಿನಲ್ಲೇ ಮುಗಿಯುತ್ತದೆ. ಗೊಂಚಲುಗಳ ಹತ್ತಾರು ಹೆಸರುಗಳಿಗಿಂತ ಈ ಒಂದು ವ್ಯತ್ಯಾಸ ಮುಖ್ಯ.

ಇನ್ನೊಂದು ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಆಮೇಲೆ ಪುಷ್ಪಚಿತ್ರ, ಅಂದರೆ ಹೂವಿನ ಭಾಗಗಳ ಜೋಡಣೆ ತೋರಿಸುವ ನಕ್ಷೆ ಬರೆಯುವಾಗ ಪರದಾಡುತ್ತಾರೆ. ಹೂವಿನ ಯಾವ ಮಗ್ಗುಲು ಮುಖ್ಯ ದಿಂಡಿನ ಕಡೆಗಿದೆಯೋ ಆ ಕಡೆಯ ತೊಟ್ಟಿಗೆ ಶಾಯಿಯ ಒಂದು ಚುಕ್ಕೆ ಇಡಿ. ಕಿತ್ತ ಮೇಲೆ ಈ ಮಾಹಿತಿ ಮರಳಿ ಸಿಗುವುದಿಲ್ಲ. ಬಟಾಣಿಯ ದೊಡ್ಡ ದಳ ದಿಂಡಿನ ಕಡೆಗಿರುತ್ತದೆ. ಅದೇ ಕುಟುಂಬದ ಶಂಖಪುಷ್ಪದ ಹೂ ತಿರುಚಿಕೊಂಡು ತಲೆಕೆಳಗಾಗಿ, ದೊಡ್ಡ ದಳ ಕೆಳಗೆ ಬಂದಿರುತ್ತದೆ. ಚುಕ್ಕೆಯಿಲ್ಲದೆ ಕಿತ್ತರೆ ಎರಡೂ ಒಂದೇ ಬಗೆಯಲ್ಲಿ ಕೂತಿವೆ ಎಂದು ಬರೆದುಬಿಡುತ್ತೀರಿ.

ಸಮ್ಮಿತಿಯನ್ನೂ ಇಲ್ಲೇ ತೀರ್ಮಾನಿಸಿ. ಹೂವನ್ನು ಮೇಲಿನಿಂದ ನೋಡಿ, ನಡುವೆ ಹಾದುಹೋಗುವ ಹಲವು ಗೆರೆಗಳಲ್ಲಿ ಎಲ್ಲಿ ಕತ್ತರಿಸಿದರೂ ಸಮ ಅರ್ಧಗಳು ಬಂದರೆ ಅರೀಯ ಸಮ್ಮಿತಿ. ಒಂದೇ ಗೆರೆಯಲ್ಲಿ ಬಂದರೆ ದ್ವಿಪಾರ್ಶ್ವ ಸಮ್ಮಿತಿ. ತುಂಬೆ, ತುಳಸಿ, ಬಟಾಣಿ ಎರಡನೆಯ ಬಗೆಯವು.

ಹೊರಗಿನಿಂದ ಒಳಕ್ಕೆ ಬಿಡಿಸುವುದು

ಸುತ್ತುಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ತೆಗೆಯಿರಿ. ಒಂದು ಸುತ್ತನ್ನು ಎಣಿಸಿ, ಬರೆದು ಮುಗಿಸುವ ತನಕ ಮುಂದಿನದಕ್ಕೆ ಕೈಹಾಕಬೇಡಿ.

ಪುಷ್ಪಪಾತ್ರೆಯ ಕೆಳಗೆ ಇನ್ನೊಂದು ಹಸಿರು ಸುತ್ತು ಇದೆಯೇ ನೋಡಿ. ದಾಸವಾಳದಲ್ಲಿ ಹೆಚ್ಚಾಗಿ 6 ಅಥವಾ 7 ಸಣ್ಣ ಹಸಿರು ಎಸಳುಗಳಿರುತ್ತವೆ, ಎಣಿಕೆ ಹೂವಿನಿಂದ ಹೂವಿಗೆ ಬದಲಾಗುತ್ತದೆ. ಅದು ಉಪಪುಷ್ಪಪಾತ್ರೆ, ಪುಷ್ಪಪತ್ರಗಳ ಲೆಕ್ಕಕ್ಕೆ ಸೇರಿಸಬಾರದು. ಅದರ ಒಳಗಿನ ಬಟ್ಟಲಿನಲ್ಲಿ 5 ಹಲ್ಲುಗಳಿವೆ. ಬಟ್ಟಲಿನಂತೆ ಕೂಡಿದ ಸುತ್ತಿನಲ್ಲಿ ಹಲ್ಲುಗಳ ಸಂಖ್ಯೆಯೇ ಭಾಗಗಳ ಸಂಖ್ಯೆ. ಹಲ್ಲುಗಳು ಅಸ್ಪಷ್ಟವಾಗಿದ್ದರೆ ಪುಷ್ಪಪಾತ್ರೆಯನ್ನು ಒಂದು ಕಡೆ ಸೀಳಿ ಬಿಡಿಸಿ, ಬೆಳಕಿಗೆ ಹಿಡಿದು ಮುಖ್ಯ ನರಗಳನ್ನು ನೋಡಿ.

ಗಸಗಸೆಯಂಥ ಕೆಲವು ಹೂಗಳಲ್ಲಿ ಅರಳುತ್ತಿದ್ದಂತೆಯೇ ಪುಷ್ಪಪತ್ರಗಳು ಉದುರಿಬಿಡುತ್ತವೆ. ಅರಳಿದ ಹೂವನ್ನಷ್ಟೇ ನೋಡಿದವರು ಅವು ಇಲ್ಲವೆಂದೇ ಬರೆಯುತ್ತಾರೆ. ಮೊಗ್ಗನ್ನೂ ತನ್ನಿ ಎಂದದ್ದು ಇದಕ್ಕಾಗಿಯೂ ಹೌದು.

ದಳವನ್ನು ಬುಡದಲ್ಲಿ ಚಿಮಟದಿಂದ ಹಿಡಿದು ಮೆಲ್ಲಗೆ ಹೊರಕ್ಕೆ, ಕೆಳಕ್ಕೆ ಎಳೆಯಿರಿ. ಇಲ್ಲಿ ಮೂರು ಬಗೆಯ ಫಲಿತಾಂಶ ಸಾಧ್ಯ. ಒಂದು ದಳ ಮಾತ್ರ ಬಂದರೆ ದಳಗಳು ಬಿಡಿ. ಇಡೀ ದಳಮಂಡಲ ಒಟ್ಟಿಗೆ ಬಂದರೆ ಅವು ಕೂಡಿವೆ. ದಳದ ಜೊತೆ ಕೇಸರವೂ ಬಂದರೆ ಕೇಸರ ಪುಷ್ಪಪೀಠದಲ್ಲಿ ಹುಟ್ಟದೆ ದಳಕ್ಕೆ ಅಂಟಿದೆ ಎಂದರ್ಥ. ಉಮ್ಮತ್ತಿ, ಬದನೆ, ಟೊಮೆಟೊಗಳಲ್ಲಿ ಮೂರನೆಯದು ಕಾಣುತ್ತದೆ. ಆತುರದಲ್ಲಿ ಜೋರಾಗಿ ಎಳೆದರೆ ದಳ ಹರಿದು ಕೇಸರ ಹೂವಿನಲ್ಲೇ ಉಳಿಯುತ್ತದೆ, ಉತ್ತರ ತಲೆಕೆಳಗಾಗುತ್ತದೆ. ಸಂದೇಹವಿದ್ದರೆ ಎಳೆಯಬೇಡಿ; ದಳಮಂಡಲವನ್ನು ಸೂಜಿಯಿಂದ ಉದ್ದಕ್ಕೆ ಸೀಳಿ, ಹರಡಿ ನೋಡಿ.

ಕೇಸರಗಳಲ್ಲಿ ಮೊದಲು ಎಣಿಕೆ, ಆಮೇಲೆ ಉದ್ದ. ಸಾಸಿವೆಯಲ್ಲಿ 6 ಕೇಸರ. ಹೊರಗಿನ 2 ಗಿಡ್ಡ, ಒಳಗಿನ 4 ಉದ್ದ. ತುಂಬೆಯಲ್ಲಿ 4 ಕೇಸರ, ಎರಡು ಉದ್ದ, ಎರಡು ಗಿಡ್ಡ. ನಂತರ ಕೂಡಿಕೆ. ಬಟಾಣಿಯಲ್ಲಿ 9 ಕೇಸರದಂಡಗಳು ಕೂಡಿ ಒಂದು ತೊಟ್ಟಿಲಾಗಿವೆ, ಹತ್ತನೆಯದು ಬಿಡಿ. ದಾಸವಾಳದಲ್ಲಿ ಎಲ್ಲ ದಂಡಗಳೂ ಕೂಡಿ ನಾಳವಾಗಿವೆ. ಸೂರ್ಯಕಾಂತಿಯಲ್ಲಿ ದಂಡಗಳು ಬಿಡಿ, ಪರಾಗಕೋಶಗಳು ಮಾತ್ರ ಕೂಡಿವೆ.

ಪರಾಗಕೋಶವನ್ನು ಮಸೂರದಲ್ಲಿ ನೋಡಿ. ಸಾಮಾನ್ಯವಾಗಿ ಅದಕ್ಕೆ ಎರಡು ಹೋಳು, ಬಿರಿಯುವುದು ಉದ್ದ ಸೀಳಿನಲ್ಲಿ. ದಾಸವಾಳದಲ್ಲಿ ಒಂದೇ ಹೋಳು, ಆಕಾರ ಮೂತ್ರಪಿಂಡದ್ದು. ಬದನೆಯಲ್ಲಿ ಪರಾಗ ಹೊರಬೀಳುವುದು ತುದಿಯ ಎರಡು ರಂಧ್ರಗಳಿಂದ. ಪರಾಗಕೋಶವಿಲ್ಲದ ಬರಿ ದಂಡ ಕಂಡರೆ ಅದು ಬಂಜೆ ಕೇಸರ. ಲೆಕ್ಕದಲ್ಲಿ ಸೇರಿಸಿ, ಬಂಜೆ ಎಂದು ಪಕ್ಕದಲ್ಲಿ ಬರೆಯಿರಿ.

ದಾಸವಾಳದ ನಡುವಿನ ಉದ್ದ ಕೋಲನ್ನು ಶಲಾಕಾನಾಳ ಎಂದುಕೊಳ್ಳುವುದು ತಪ್ಪು. ಹೊರಗೆ ಕಾಣುವುದು ಕೇಸರನಾಳ. ಸೂಜಿಯಿಂದ ಅದನ್ನು ಬುಡದಿಂದ ತುದಿಯವರೆಗೆ ಸೀಳಿದರೆ ಒಳಗೆ ದಾರದಂಥ ಶಲಾಕಾನಾಳ ಸಿಗುತ್ತದೆ. ಅದೇ ಮೇಲೆ ಐದಾಗಿ ಕವಲೊಡೆದು 5 ಶಲಾಕಾಗ್ರಗಳಾಗಿ ಹೊರಬರುತ್ತದೆ. ದಳಗಳ ಬುಡವೂ ಈ ಕೇಸರನಾಳಕ್ಕೆ ಅಂಟಿರುವುದರಿಂದ, ಬಾಡಿದ ದಾಸವಾಳದಲ್ಲಿ ದಳಗಳೂ ನಾಳವೂ ಒಟ್ಟಿಗೆ ಕಳಚಿ ಬರುತ್ತವೆ.

ಉದ್ದ ಸೀಳು: ಅಂಡಾಶಯದ ನೆಲೆ

ಇದಕ್ಕೆ ಬಿಡಿಸದ ಹೊಸ ಹೂ ಬೇಕು. ತೊಟ್ಟಿನ ಕಡೆಯಿಂದ ಶುರುಮಾಡಿ ಶಲಾಕಾಗ್ರದ ಕಡೆಗೆ, ಸರಿಯಾಗಿ ನಡುವೆ ಸೀಳಿರಿ. ಬ್ಲೇಡನ್ನು ನೀರಿನಲ್ಲಿ ಅದ್ದಿ, ಒತ್ತದೆ, ಉದ್ದಕ್ಕೆ ಎಳೆಯುತ್ತ ಕೊಯ್ಯಿರಿ. ದ್ವಿಪಾರ್ಶ್ವ ಸಮ್ಮಿತಿಯ ಹೂವಾದರೆ ಸಮ ಅರ್ಧ ಕೊಡುವ ಆ ಒಂದು ಗೆರೆಯಲ್ಲೇ ಸೀಳಬೇಕು.

ಪುಷ್ಪಪತ್ರ, ದಳ, ಕೇಸರಗಳು ಅಂಡಾಶಯದ ಬುಡದ ಕೆಳಗಿನಿಂದ ಹೊರಟಿದ್ದರೆ ಅದು ಉಚ್ಚ ಅಂಡಾಶಯ: ದಾಸವಾಳ, ಸಾಸಿವೆ, ಬಟಾಣಿ, ಬದನೆ. ಅವು ಅಂಡಾಶಯದ ನೆತ್ತಿಯ ಮೇಲಿಂದ ಹೊರಟಿದ್ದರೆ ನೀಚ ಅಂಡಾಶಯ: ಸೂರ್ಯಕಾಂತಿ, ಕುಂಬಳ, ಸೀಬೆ. ಕುಂಬಳದ ಹೆಣ್ಣು ಹೂವಿನಲ್ಲಿ ದಳಗಳ ಕೆಳಗೆ ಪುಟ್ಟ ಕಾಯಿಯಂಥ ಉಬ್ಬು ಹೊರಗೇ ಕಾಣುತ್ತದೆ, ಅದೇ ಅಂಡಾಶಯ. ಗಂಡು ಹೂವಿನ ಕೆಳಗೆ ಬರೀ ತೊಟ್ಟು. ಹಾಗಾಗಿ ಕುಂಬಳದಂಥ ಏಕಲಿಂಗಿ ಹೂಗಳಲ್ಲಿ ಒಂದನ್ನಷ್ಟೇ ಬಿಡಿಸಿ ಜಾತಿಯ ವಿವರ ಬರೆಯಲಾಗದು.

ಗುಲಾಬಿ ಇಲ್ಲಿ ತೊಡಕು ಹುಟ್ಟಿಸುತ್ತದೆ. ಹೊರಗಿನಿಂದ ನೋಡಿದರೆ ದಳಗಳ ಕೆಳಗೆ ಉಬ್ಬು ಇದೆ, ನೀಚ ಅಂಡಾಶಯ ಎನಿಸುತ್ತದೆ. ಸೀಳಿ ನೋಡಿದಾಗ ಅದು ಹೂಜಿಯಂಥ ಬಟ್ಟಲು, ಒಳಗೆ ಹಲವು ಬಿಡಿ ಕಾರ್ಪೆಲ್‌ಗಳು. ಅವುಗಳ ಗೋಡೆ ಬಟ್ಟಲಿನ ಗೋಡೆಗೆ ಕೂಡಿಲ್ಲ. ಅಂಡಾಶಯದ ಗೋಡೆ ಬಟ್ಟಲಿಗೆ ಪೂರ್ತಿ ಬೆಸೆದಿದ್ದರೆ ಮಾತ್ರ ನೀಚ ಎಂದು ಬರೆಯಿರಿ.

ಅಡ್ಡ ಸೀಳು: ಕಾರ್ಪೆಲ್‌ಗಳ ಎಣಿಕೆ

ದಳ ಉದುರಿದ, ಸ್ವಲ್ಪ ಊದಿದ ಅಂಡಾಶಯವನ್ನು ಆರಿಸಿ. ತೋರುಬೆರಳು ಹೆಬ್ಬೆರಳುಗಳ ನಡುವೆ ನೆಟ್ಟಗೆ ಹಿಡಿದು, 0.5ರಿಂದ 1 ಮಿಲಿಮೀಟರ್ ದಪ್ಪದ ಬಿಲ್ಲೆಗಳನ್ನು ಕೊಯ್ಯಿರಿ. ತೀರ ಸಣ್ಣದಾಗಿದ್ದರೆ ಸೀಳಿದ ಕ್ಯಾರೆಟ್ ತುಂಡಿನ ನಡುವೆ ಸಿಕ್ಕಿಸಿ, ಕ್ಯಾರೆಟ್ ಸಮೇತ ಕೊಯ್ದರೆ ಜಾರುವುದಿಲ್ಲ. ಬಿಲ್ಲೆಯನ್ನು ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಕೆಳಗೆ ಕಪ್ಪು ಕಾಗದ ಇಡಿ. ಬಿಳಿ ಅಂಡಕಗಳು ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ನೀರು ಹಾಕದಿದ್ದರೆ ಬಿಲ್ಲೆ ನಿಮಿಷಗಳಲ್ಲೇ ಒಣಗಿ ಮುದುಡುತ್ತದೆ.

ಬುಡ, ನಡು, ಮೇಲ್ಭಾಗ ಮೂರು ಕಡೆಯೂ ಕೊಯ್ಯಿರಿ. ಒಂದೇ ಕಡೆ ಕೊಯ್ದು ತೀರ್ಮಾನಿಸಬೇಡಿ. ಉಮ್ಮತ್ತಿಯಲ್ಲಿ ಅಂಡಾಶಯದ ಕೆಳಭಾಗದಲ್ಲಿ 4 ಕೋಣೆ, ಮೇಲೆ 2. ಕಾರ್ಪೆಲ್ ಎರಡೇ, ಒಳಗೆ ಬೆಳೆದ ಸುಳ್ಳುಗೋಡೆ ಪ್ರತಿ ಕೋಣೆಯನ್ನೂ ಇಬ್ಭಾಗ ಮಾಡಿದೆ.

ಕೋಣೆ ಎಷ್ಟೋ ಕಾರ್ಪೆಲ್ ಅಷ್ಟೇ ಎಂಬ ಸೂತ್ರ ದಾಸವಾಳಕ್ಕೆ ಹೊಂದುತ್ತದೆ: 5 ಕೋಣೆ, 5 ಶಲಾಕಾಗ್ರ, 5 ಕಾರ್ಪೆಲ್. ಎಲ್ಲ ಕಡೆ ಹೀಗಿಲ್ಲ. ಸೂರ್ಯಕಾಂತಿಯ ಅಂಡಾಶಯದಲ್ಲಿ ಕೋಣೆ ಒಂದೇ, ಆದರೆ ಶಲಾಕಾಗ್ರ ಎರಡು ಕವಲು; ಕಾರ್ಪೆಲ್ 2. ತುಳಸಿ, ತುಂಬೆಗಳಲ್ಲಿ ಅಂಡಾಶಯ ನಾಲ್ಕು ಹೋಳಾಗಿ ಕಾಣುತ್ತದೆ, ಶಲಾಕಾನಾಳ ಆ ಹೋಳುಗಳ ನಡುವಿನ ತಗ್ಗಿನಿಂದ ಏಳುತ್ತದೆ, ಶಲಾಕಾಗ್ರ ಮಾತ್ರ ಎರಡು ಕವಲಿನದು. ಅಲ್ಲೂ ಕಾರ್ಪೆಲ್ 2. ಆದ್ದರಿಂದ ಶಲಾಕಾಗ್ರದ ಕವಲು, ಕೋಣೆ, ಅಂಡಕಗಳು ಅಂಟಿರುವ ಸಾಲು ಈ ಮೂರನ್ನೂ ಬೇರೆಬೇರೆ ಬರೆದುಕೊಂಡು ಹೋಲಿಸಿ. ಮೂರೂ ಒಪ್ಪಿದರೆ ಚರ್ಚೆಯಿಲ್ಲ. ಒಪ್ಪದಿದ್ದರೆ ಯಾವುದೋ ಗೋಡೆ ಸುಳ್ಳು, ಇಲ್ಲವೇ ಇರಬೇಕಾದ ಗೋಡೆ ಕರಗಿದೆ ಎಂದುಕೊಂಡು ಮತ್ತೆ ಕೊಯ್ಯಿರಿ. ಎಳೆಯ ಅಂಡಾಶಯವನ್ನೂ ಬಲಿತದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚಿನ ಗೊಂದಲ ಬಗೆಹರಿಯುತ್ತದೆ.

ಅಂಡಕಗಳು ಎಲ್ಲಿ ಅಂಟಿವೆ ಎಂಬುದೂ ಇದೇ ಬಿಲ್ಲೆಯಲ್ಲಿ ಸಿಗುತ್ತದೆ. ಬಟಾಣಿಯ ಎಳೆಕಾಯಿಯನ್ನು ಬಿಡಿಸಿದರೆ ಕಾಳುಗಳು ಒಂದೇ ಅಂಚಿನಲ್ಲಿ, ಒಮ್ಮೆ ಈ ಸಿಪ್ಪೆಗೆ, ಒಮ್ಮೆ ಆ ಸಿಪ್ಪೆಗೆ ಅಂಟಿರುತ್ತವೆ. ಇಡೀ ಕಾಯಿ ಒಂದು ಕಾರ್ಪೆಲ್, ಜೋಡಣೆ ಅಂಚಿನದು. ದಾಸವಾಳ, ಲಿಲ್ಲಿಗಳಲ್ಲಿ ಗೋಡೆಗಳು ನಡುವೆ ಸೇರುವ ಅಕ್ಷದ ಮೇಲೆ ಅಂಡಕಗಳಿವೆ; ಇದು ಅಕ್ಷೀಯ ಜೋಡಣೆ. ಪರಂಗಿಯಲ್ಲಿ ನಡುವೆ ಟೊಳ್ಳು, ಅಂಡಕಗಳು ಹೊರಗೋಡೆಯ ಒಳಮೈಗೆ ಅಂಟಿವೆ. ಇದು ಭಿತ್ತಿ ಜೋಡಣೆ. ಸಾಸಿವೆಯದೂ ಭಿತ್ತಿ ಜೋಡಣೆಯೇ, ಆದರೆ ನಡುವೆ ಸುಳ್ಳುಗೋಡೆ ಬೆಳೆದು ಎರಡು ಕೋಣೆಯಾಗಿರುವುದರಿಂದ ಅಕ್ಷೀಯವೆಂದು ಮೋಸಹೋಗುವವರು ಬಹಳ. ಗೋಡೆಯ ನಡುವನ್ನು ನೋಡಿ: ಅಂಡಕಗಳು ಅಲ್ಲಿಲ್ಲ, ಗೋಡೆಯ ಎರಡು ಹೊರತುದಿಗಳಲ್ಲಿವೆ. ಡಯಾಂಥಸ್‌ನಲ್ಲಿ ಅಡ್ಡಗೋಡೆಗಳಿಲ್ಲದೆ ನಡುವೆ ಒಂಟಿ ಕಂಬ ನಿಂತು ಅದರ ಮೇಲೆ ಅಂಡಕಗಳಿರುತ್ತವೆ. ಸೂರ್ಯಕಾಂತಿಯಲ್ಲಿ ಒಂದೇ ಅಂಡಕ, ಬುಡದಲ್ಲಿ. ಅದನ್ನು ಅಡ್ಡ ಸೀಳಿಗಿಂತ ಉದ್ದ ಸೀಳಿನಲ್ಲಿ ನೋಡುವುದು ಸುಲಭ.

ಮೊಗ್ಗಿನ ಅಡ್ಡ ಸೀಳು

ಬಿಗಿ ಮೊಗ್ಗನ್ನು ಮೇಲಿನ ಮೂರನೇ ಒಂದು ಭಾಗದಲ್ಲಿ ಅಡ್ಡಕ್ಕೆ ಕೊಯ್ದು ದಳಗಳ ಅಂಚನ್ನು ಗಮನಿಸಿ. ಅಂಚುಗಳು ಬರೀ ತಾಗಿದ್ದರೆ ಸ್ಪರ್ಶ ಜೋಡಣೆ. ಪ್ರತಿ ದಳವೂ ಒಂದು ಕಡೆ ಪಕ್ಕದ್ದನ್ನು ಮುಚ್ಚಿ, ಇನ್ನೊಂದು ಕಡೆ ತಾನೇ ಮುಚ್ಚಿಸಿಕೊಂಡಿದ್ದರೆ ತಿರುಚು ಜೋಡಣೆ, ದಾಸವಾಳದಲ್ಲಿ ಇರುವಂತೆ. ಕ್ರಮವಿಲ್ಲದೆ ಒಂದರ ಮೇಲೊಂದು ಬಂದಿದ್ದರೆ ಹೆಂಚು ಜೋಡಣೆ. ಬಟಾಣಿಯಲ್ಲಿ ದೊಡ್ಡ ಧ್ವಜದಳ ಎರಡು ರೆಕ್ಕೆದಳಗಳನ್ನೂ, ಅವು ಒಳಗಿನ ಎರಡು ದೋಣಿದಳಗಳನ್ನೂ ಮುಚ್ಚಿರುತ್ತವೆ. ಮೊಗ್ಗನ್ನು ತೀರ ಬುಡದಲ್ಲಿ ಕೊಯ್ದರೆ ದಳಗಳು ಅಲ್ಲಿ ಕಿರಿದಾಗಿರುವುದರಿಂದ ಒಂದನ್ನೊಂದು ಮುಚ್ಚಿರುವುದಿಲ್ಲ, ಎಲ್ಲವೂ ಸ್ಪರ್ಶ ಜೋಡಣೆಯಂತೆ ಕಾಣುತ್ತದೆ.

ಪುಷ್ಪಸೂತ್ರ ಮತ್ತು ಪುಷ್ಪಚಿತ್ರ

ಈಗ ಬರೆದಿಟ್ಟುಕೊಂಡದ್ದನ್ನು ಒಂದು ಸಾಲಿಗೆ ಇಳಿಸಬಹುದು. ಪುಷ್ಪಪಾತ್ರೆಗೆ ಕೆ, ದಳಮಂಡಲಕ್ಕೆ ಸಿ, ಟೆಪಲ್‌ಗಳಿಗೆ ಪಿ, ಕೇಸರಗಳಿಗೆ ಎ, ಕಾರ್ಪೆಲ್‌ಗಳಿಗೆ ಜಿ ಎಂಬ ಅಕ್ಷರಗಳು ಎಲ್ಲೆಡೆ ರೂಢಿಯಲ್ಲಿವೆ. ಕೆ ಬಂದದ್ದು ಪುಷ್ಪಪಾತ್ರೆಗಿರುವ ಜರ್ಮನ್ ಪದದಿಂದ. ಕೂಡಿದ್ದರೆ ಅಂಕಿಗೆ ಆವರಣ, ಬಿಡಿಯಾಗಿದ್ದರೆ ಬರೀ ಅಂಕಿ, ಎರಡು ಸುತ್ತಿದ್ದರೆ ನಡುವೆ ಕೂಡಿಸುವ ಚಿಹ್ನೆ, ಬಹಳವಿದ್ದರೆ ಅನಂತ ಚಿಹ್ನೆ. ಉಚ್ಚ ಅಂಡಾಶಯಕ್ಕೆ ಜಿ ಅಕ್ಷರದ ಕೆಳಗೆ ಗೆರೆ, ನೀಚಕ್ಕೆ ಮೇಲೆ ಗೆರೆ. ಕೇಸರ ದಳಕ್ಕೆ ಅಂಟಿದ್ದರೆ ಸಿ ಮತ್ತು ಎ ಅಕ್ಷರಗಳನ್ನು ಮೇಲೊಂದು ಕಮಾನಿನಿಂದ ಸೇರಿಸಿ. ಸಾಲಿನ ಆರಂಭದಲ್ಲಿ ಅರೀಯ ಸಮ್ಮಿತಿಗೆ ⊕, ದ್ವಿಪಾರ್ಶ್ವಕ್ಕೆ %, ದ್ವಿಲಿಂಗಿ ಹೂವಿಗೆ ⚥.

ದಾಸವಾಳ: ⊕ ⚥ ಕೆ(5) ಸಿ5 ಎ(∞) ಜಿ(5)
ಸಾಸಿವೆ: ⊕ ⚥ ಕೆ2+2 ಸಿ4 ಎ2+4 ಜಿ(2)
ಬಟಾಣಿ: % ⚥ ಕೆ(5) ಸಿ1+2+(2) ಎ(9)+1 ಜಿ1
ಲಿಲ್ಲಿ: ⊕ ⚥ ಪಿ3+3 ಎ3+3 ಜಿ(3)

ನಾಲ್ಕರಲ್ಲೂ ಜಿ ಕೆಳಗೆ ಗೆರೆ ಬರಬೇಕು; ದಾಸವಾಳದಲ್ಲಿ ಸಿ ಮತ್ತು ಎ ಮೇಲೆ ಕಮಾನೂ ಬರಬೇಕು. ಉಪಪುಷ್ಪಪಾತ್ರೆಯನ್ನು ಕೆ ಅಕ್ಷರಕ್ಕೆ ಮೊದಲು ಬೇರೆಯಾಗಿ ಬರೆಯಿರಿ.

ಪುಷ್ಪಚಿತ್ರಕ್ಕೆ ಕಂಪಾಸಿನಿಂದ ಒಂದೇ ಕೇಂದ್ರದ ನಾಲ್ಕು ವೃತ್ತಗಳನ್ನು ತೆಳುವಾಗಿ ಎಳೆಯಿರಿ. ಹೊರಗಿನದಕ್ಕೆ 5 ಸೆಂಟಿಮೀಟರ್ ತ್ರಿಜ್ಯ ಇಟ್ಟರೆ ಒಳಗೆ ಜಾಗ ಸಾಕಾಗುತ್ತದೆ. ಮೇಲ್ಗಡೆ ಒಂದು ಚುಕ್ಕೆ ಇಡಿ. ಅದು ಮುಖ್ಯ ದಿಂಡು, ತೊಟ್ಟಿನ ಮೇಲೆ ಶಾಯಿಯಲ್ಲಿ ಗುರುತಿಸಿದ್ದು ಇದೇ ಕಡೆ. ಹೂವಿನ ಬುಡದ ಹಸಿರೆಲೆ, ಅಂದರೆ ಬ್ರ್ಯಾಕ್ಟ್ ಇದ್ದರೆ ಚಿತ್ರದ ಕೆಳಗೆ ಬರುತ್ತದೆ. ಹೊರಗಿನಿಂದ ಒಳಕ್ಕೆ ಪುಷ್ಪಪತ್ರ, ದಳ, ಕೇಸರಗಳನ್ನು ತುಂಬಿ, ನಡುವೆ ಅಂಡಾಶಯದ ಅಡ್ಡ ಸೀಳನ್ನು ಕಂಡಂತೆ ಬರೆಯಿರಿ. ಕೂಡಿದ ಭಾಗಗಳನ್ನು ಗೆರೆಯಿಂದ ಸೇರಿಸಿ.

ಒಂದು ಸುತ್ತಿನ ಭಾಗಗಳು ಹಿಂದಿನ ಸುತ್ತಿನ ಭಾಗಗಳ ನಡುವಿನ ಸಂದಿನಲ್ಲಿ ಬರುವುದು ಸಾಮಾನ್ಯ ನಿಯಮ. ನಿಮ್ಮ ಚಿತ್ರದಲ್ಲಿ ದಳ ಪುಷ್ಪಪತ್ರದ ನೇರಕ್ಕೆ ಬಂದಿದ್ದರೆ ಮೊದಲು ನಿಮ್ಮ ನೋಟವನ್ನೇ ಸಂದೇಹಿಸಿ, ಇನ್ನೊಂದು ಹೂ ಬಿಡಿಸಿ. ಆಗಲೂ ನೇರಕ್ಕೇ ಇದ್ದರೆ ಕಂಡಂತೆಯೇ ಬರೆಯಿರಿ. ದ್ರಾಕ್ಷಿಯಲ್ಲಿ ಕೇಸರಗಳು ದಳಗಳ ನೇರಕ್ಕೇ ಇರುತ್ತವೆ, ಮತ್ತು ಆ ಕುಟುಂಬವನ್ನು ಗುರುತಿಸಲು ಅದೇ ಒಳ್ಳೆಯ ಸುಳಿವು. ನಿಯಮಕ್ಕೆ ಹೊಂದಿಸಲು ಚಿತ್ರವನ್ನು ತಿದ್ದಿದರೆ ಈ ಸುಳಿವು ಅಳಿಸಿಹೋಗುತ್ತದೆ.

ಒಂದೇ ಹೂವೆಂದು ಮೋಸಗೊಳಿಸುವವು

ಸೂರ್ಯಕಾಂತಿಯನ್ನು ಕೊನೆಗಿಟ್ಟದ್ದು ಇದಕ್ಕಾಗಿ. ಕಣ್ಣಿಗೆ ಒಂದು ಹೂವೆನಿಸುವುದು ನೂರಾರು ಕಿರುಹೂಗಳ ಗೊಂಚಲು. ಹೊರಗಿನ ಹಸಿರು ಎಸಳುಗಳು ಬ್ರ್ಯಾಕ್ಟ್‌ಗಳು. ಅವನ್ನು ಪುಷ್ಪಪತ್ರವೆಂದು ಬರೆಯುವುದರಿಂದಲೇ ತಪ್ಪುಗಳ ಸರಣಿ ಶುರುವಾಗುತ್ತದೆ. ಅಂಚಿನ ಹಳದಿ ಎಸಳು ಒಂದೊಂದೂ ಒಂದು ಬಂಜೆ ಕಿರುಹೂ. ನಡುವಿನ ತಟ್ಟೆಯನ್ನು ಉದ್ದಕ್ಕೆ ಸೀಳಿ, ಚಿಮಟದಿಂದ ಒಂದು ಕಿರುಹೂವನ್ನು ಬುಡಸಮೇತ ಎತ್ತಿಕೊಳ್ಳಿ. ಕೆಳಗೆ ನೀಚ ಅಂಡಾಶಯ, ಅದರ ನೆತ್ತಿಯಲ್ಲಿ ಪುಷ್ಪಪಾತ್ರೆಯ ಕುರುಹಾಗಿ ಎರಡು ಪುಟ್ಟ ಹುರುಪೆ, 5 ಹಲ್ಲಿನ ಕೊಳವೆಯಂಥ ದಳಮಂಡಲ, ಅದಕ್ಕೆ ಅಂಟಿದ 5 ಕೇಸರ. ಹುರುಪೆಗಳು ಬೇಗ ಉದುರುವುದರಿಂದ ಎಳೆಯ ಕಿರುಹೂವಿನಲ್ಲೇ ನೋಡಿ. ತಟ್ಟೆ ಹೊರಗಿನಿಂದ ಒಳಕ್ಕೆ ಅರಳುತ್ತ ಹೋಗುತ್ತದೆ. ಆದ್ದರಿಂದ ಒಂದೇ ಸೀಳಿನಲ್ಲಿ ನಡುವೆ ಮೊಗ್ಗು, ಅದರ ಹೊರಗೆ ಪರಾಗ ಸುರಿಸುತ್ತಿರುವ ಕಿರುಹೂ, ಇನ್ನೂ ಹೊರಗೆ ಶಲಾಕಾಗ್ರದ ಕವಲು ಬಿಚ್ಚಿದ ಕಿರುಹೂ ಸಾಲಾಗಿ ಸಿಗುತ್ತವೆ. ನಾಲ್ಕು ಸ್ಥಿತಿಗಳನ್ನು ಬೇರೆಬೇರೆ ಹುಡುಕುವ ಕೆಲಸವೇ ಇಲ್ಲ.

ಬೋಗನ್‌ವಿಲ್ಲಾದ ಬಣ್ಣದ ಮೂರು ಎಸಳುಗಳೂ ಬ್ರ್ಯಾಕ್ಟ್‌ಗಳೇ. ಪ್ರತಿಯೊಂದರ ನಡುನರಕ್ಕೆ ಅಂಟಿರುವ ಸಣ್ಣ ಕೊಳವೆ ನಿಜವಾದ ಹೂ. ಸಂದೇಹ ಬಂದಾಗಲೆಲ್ಲ ಕೇಸರ ಮತ್ತು ಶಲಾಕೆ ಎಲ್ಲಿವೆ ಎಂದು ಹುಡುಕಿ, ಅಲ್ಲಿಂದ ಹೊರಕ್ಕೆ ಸುತ್ತುಗಳನ್ನು ಎಣಿಸುತ್ತ ಬನ್ನಿ.

ಇಟ್ಟುಕೊಳ್ಳುವುದು

ಬಿಡಿಸಿದ ಭಾಗಗಳನ್ನು ಸುತ್ತಿನ ಕ್ರಮದಲ್ಲೇ ಬಿಳಿ ಕಾಗದದ ಮೇಲೆ ಅಂಟುಪಟ್ಟಿಯಿಂದ ಅಂಟಿಸಿ, ಪಕ್ಕದಲ್ಲಿ ಮಿಲಿಮೀಟರ್ ಅಳತೆ, ದಿನಾಂಕ, ಜಾಗ, ಹೂವಿನ ಸ್ಥಿತಿ, ಎಷ್ಟು ಹೂ ನೋಡಿದಿರಿ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಬಣ್ಣವನ್ನು ಅಂದೇ ಬರೆದುಕೊಳ್ಳಿ, ಒಣಗಿದ ಮೇಲೆ ಅದು ಉಳಿಯುವುದಿಲ್ಲ. ಇಡೀ ಹೂಗಳನ್ನು 70 ಶೇಕಡಾ ಆಲ್ಕೊಹಾಲ್‌ನಲ್ಲಿ ಮುಳುಗಿಸಿ, ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಶೀಷೆಯ ಒಳಗೇ ಹಾಕಿ. ಶಾಯಿಯ ಬರಹ ಕರಗಿಹೋಗುತ್ತದೆ. ಪ್ರಯೋಗಾಲಯಗಳಲ್ಲಿ ಬಳಸುವ ಎಫ್‌ಎಎ ದ್ರಾವಣದಲ್ಲಿ 70 ಶೇಕಡಾ ಆಲ್ಕೊಹಾಲ್ 90 ಮಿಲಿಲೀಟರ್, ಅಸಿಟಿಕ್ ಆಮ್ಲ 5, ಫಾರ್ಮಲಿನ್ 5 ಇರುತ್ತದೆ. ಫಾರ್ಮಲಿನ್ ಆವಿ ಕಣ್ಣು, ಉಸಿರಿಗೆ ಕೆಟ್ಟದ್ದು, ಮನೆಯಲ್ಲಿ ಬೇಡ.

ಒತ್ತಿ ಒಣಗಿಸಿದ ಹಳೆಯ ಹೂವನ್ನೂ ಬಿಡಿಸಬಹುದು. ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿದ ಕುದಿಯುವ ನೀರಿನಲ್ಲಿ ಮೆತ್ತಗಾಗುವ ತನಕ ಕೆಲವು ನಿಮಿಷ ಬಿಟ್ಟು, ತಣ್ಣೀರಿನ ತಟ್ಟೆಗೆ ವರ್ಗಾಯಿಸಿ, ನೀರಿನೊಳಗೇ ಎರಡು ಸೂಜಿಗಳಿಂದ ಬಿಡಿಸಿ. ಹೊರಗೆ ತೆಗೆದರೆ ತೆಳು ದಳಗಳು ಮತ್ತೆ ಮುದ್ದೆಯಾಗುತ್ತವೆ. ಒಣಗಿದ ಹೂವಿನಿಂದ ಎಣಿಕೆ ಮತ್ತು ಅಂಡಕ ಜೋಡಣೆ ಚೆನ್ನಾಗಿ ಸಿಗುತ್ತದೆ. ದಳಗಳ ಮುಚ್ಚಿಕೆಯ ಕ್ರಮಕ್ಕೆ ಮಾತ್ರ ತಾಜಾ ಮೊಗ್ಗನ್ನೇ ನೋಡಿ.